ಹೊಸ ಆವೃತ್ತಿ, ಹಳೆಯ ನಂಬಿಕೆಗಳು

ನಮ್ಮ ನಿತ್ಯಜೀವನದ ಅನೇಕ ಯಂತ್ರಗಳ ಒಡಲಲ್ಲಿ ಇಂದು ಕಣ್ಣಿಗೆ ಕಾಣದ ಗಣಕಗಳು ದುಡಿಯುತ್ತಿವೆ. ಮೋಟಾರು ಗಾಡಿಯ ಬ್ರೇಕು, ರೋಗಿಯ ರಕ್ತಕ್ಕೆ ಔಷಧವನ್ನು ಅಳೆದು ಸೇರಿಸುವ ಪಂಪು, ಗಗನಕ್ಕೇರುವ ರಾಕೆಟ್ಟು, ಇವೆಲ್ಲವೂ ಅವುಗಳನ್ನೇ ನಂಬಿವೆ. ಇಂತಹ ಗಣಕದಲ್ಲಿ ಯಾವ ಕೆಲಸ ಮೊದಲು, ಯಾವುದು ಅನಂತರ, ಎಷ್ಟು ಹೊತ್ತಿನೊಳಗೆ ಮುಗಿಯಬೇಕು ಎಂಬುದನ್ನು ವಿಧಿಸುವ ಮೂಲ ತಂತ್ರಾಂಶಕ್ಕೆ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಇಲ್ಲಿ ತಡವಾಗಿ ಬಂದ ಸರಿಯುತ್ತರವೂ ತಪ್ಪುತ್ತರವೇ.

ಈ ಮೂಲ ತಂತ್ರಾಂಶಕ್ಕೆ ಕಾಲಕಾಲಕ್ಕೆ ಹೊಸ ಆವೃತ್ತಿಗಳು ಬರುತ್ತವೆ. ಹಳೆಯ ದೋಷಗಳು ನೀಗಬೇಕಾದರೆ ಅವನ್ನು ಸ್ವೀಕರಿಸಲೇಬೇಕು. ಆದರೆ ಹಳೆಯ ಪ್ರೋಗ್ರಾಮು ಹೊಸದರ ಮೇಲೆ ತಕರಾರಿಲ್ಲದೆ ಕಂಪೈಲ್ ಆಯಿತೆಂದ ಮಾತ್ರಕ್ಕೆ ಹೊಂದಾಣಿಕೆ ಸಿದ್ಧಿಸಿತೆಂದು ತಿಳಿಯುವುದು ಅಪಾಯಕರವೆಂದು ನಾವು ಭಾವಿಸುತ್ತೇವೆ. ಒಂದು ನಿದರ್ಶನವನ್ನು ನೋಡೋಣ. ಗಣಕದ ಕಾಲಗಣನೆಯ ಒಂದು ಮಿಡಿತ ಹಿಂದೆ 10 ಮಿಲಿಸೆಕೆಂಡು ಆಗಿದ್ದಿತೆನ್ನೋಣ. '100 ಮಿಡಿತ ಕಾದು ಕವಾಟವನ್ನು ಮುಚ್ಚು' ಎಂದು ಬರೆದವನ ಮನಸ್ಸಿನಲ್ಲಿದ್ದುದು ಒಂದು ಸೆಕೆಂಡು. ಹೊಸ ಏರ್ಪಾಡಿನಲ್ಲಿ ಮಿಡಿತವು 1 ಮಿಲಿಸೆಕೆಂಡು ಆದರೆ, ಪ್ರೋಗ್ರಾಮಿನ ಒಂದಕ್ಷರವೂ ಬದಲಾಗದೆ, ಕವಾಟವು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿಯೇ ಮುಚ್ಚಿಕೊಳ್ಳುತ್ತದೆ.

ಬರೆದಿಡದ ನಂಬಿಕೆಯ ಬೆಲೆ ಎಷ್ಟೆಂಬುದನ್ನು ಆರಿಯಾನ್ 5 ರಾಕೆಟ್ಟಿನ ಕಥೆ ತೋರಿಸುತ್ತದೆ. ಅಲ್ಲಿ ಬದಲಾದುದು ಆಪರೇಟಿಂಗ್ ಸಿಸ್ಟಮ್ ಅಲ್ಲ, ರಾಕೆಟ್ಟೇ. ಆದರೂ ಪಾಠ ಒಂದೇ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಅದು ಮೊದಲ ಬಾರಿಗೆ ಹೊರಟಿತು. ದಿಕ್ಕು ಮತ್ತು ಚಲನೆಯನ್ನು ಅಳೆಯುವ ಅದರ ಘಟಕದ ತಂತ್ರಾಂಶವು ಆರಿಯಾನ್ 4ರಲ್ಲಿ ಯಶಸ್ವಿಯಾಗಿ ದುಡಿದುದೇ ಆಗಿತ್ತು. ಆದರೆ ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಬಹು ಹೆಚ್ಚು. ಅದಕ್ಕೆ ಸಂಬಂಧಿಸಿದ ಸಂಖ್ಯೆಯೊಂದು 16 ಬಿಟ್ಟುಗಳ ಮಿತಿಯಾದ 32,767ನ್ನು ಮೀರಿತು. ಘಟಕ ಸ್ತಬ್ಧವಾಯಿತು, ಬದಲಿಗೆಂದು ಇರಿಸಿದ್ದ ಘಟಕದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದಕ್ಕೂ ಅದೇ ಗತಿಯಾಯಿತು. ಉಡ್ಡಯನಕ್ರಮ ಆರಂಭವಾದ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ದಾರಿ ತಪ್ಪಿ, ನಾಲ್ಕು ಕ್ಲಸ್ಟರ್ ಉಪಗ್ರಹಗಳೊಡನೆ ಸಿಡಿದುಹೋಯಿತು. ನೆಲಬಿಟ್ಟ ಮೇಲೆ ಆ ಲೆಕ್ಕವು ಆರಿಯಾನ್ 5ಕ್ಕೆ ಬೇಕಾಗಿಯೇ ಇರಲಿಲ್ಲವೆಂಬುದು ವಿಷಾದದ ಸಂಗತಿ. ಹೊಸ ಪಥದ ಅಂಕಿಗಳನ್ನು ಕೊಟ್ಟು ಆ ಘಟಕವನ್ನು ಮೊದಲೇ ಪರೀಕ್ಷಿಸಿರಲಿಲ್ಲವೆಂದು ವಿಚಾರಣಾ ಮಂಡಲಿಯು ಅದೇ ವರ್ಷ ಜುಲೈ ತಿಂಗಳಲ್ಲಿ ವರದಿ ಮಾಡಿತು.

ಆದುದರಿಂದ ಆವೃತ್ತಿಯನ್ನು ಬದಲಿಸುವವರು ಮೊದಲು ಹಳೆಯ ಪ್ರೋಗ್ರಾಮಿನ ನಂಬಿಕೆಗಳನ್ನು ಪಟ್ಟಿಮಾಡಬೇಕು: ಮಿಡಿತದ ಅವಧಿ, ಕೆಲಸಗಳ ಆದ್ಯತೆ, ಪ್ರತಿಯೊಂದಕ್ಕೂ ಬೇಕಾದ ಸ್ಮೃತಿಕೋಶ, ಅತಿ ದೊಡ್ಡ ಸಂಖ್ಯೆ. ಬಳಿಕ ನಿಜವಾದ ಯಂತ್ರದ ಮೇಲೆ, ಅತ್ಯಧಿಕ ಹೊರೆಯಲ್ಲಿ, ಕಾಲವನ್ನು ಅಳೆದು ಪರೀಕ್ಷಿಸಬೇಕು. ಹಿಂದಿನ ಆವೃತ್ತಿಗೆ ಮರಳುವ ದಾರಿಯನ್ನೂ ತೆರೆದಿಡಬೇಕು. ಇದಕ್ಕೆ ಹಣವೂ ಕಾಲವೂ ವ್ಯಯವಾಗುವುದೆಂಬ ಆಕ್ಷೇಪ ನಿಜವೇ. ಆದರೆ ಪರೀಕ್ಷಾಶಾಲೆಯಲ್ಲಿ ಉಳಿಸಿದ ಆ ವೆಚ್ಚವನ್ನು ಮುಂದೆ ತೆರಬೇಕಾದವನು ಬ್ರೇಕನ್ನು ನಂಬಿ ಕುಳಿತ ಪ್ರಯಾಣಿಕ, ಪಂಪನ್ನು ನಂಬಿ ಮಲಗಿದ ರೋಗಿ. ಹಿಂದೆ ಸರಿಯಾಗಿ ನಡೆದಿತ್ತೆಂಬುದು ಹಿಂದಿನ ಯಂತ್ರಕ್ಕೆ ದೊರೆತ ಪ್ರಮಾಣಪತ್ರ. ಹೊಸದು ತನ್ನದನ್ನು ತಾನೇ ಗಳಿಸಬೇಕು.