ಒಪ್ಪಿಗೆಯೇನೋ ಸಿಕ್ಕೀತು, ಕೊಳ್ಳುವವರಾರು?

ಕೆಡವಿದ ಕಟ್ಟಡಗಳ ಇಟ್ಟಿಗೆ, ಗಾರೆ, ಕಾಂಕ್ರೀಟು ರಾತ್ರೋರಾತ್ರಿ ಎಲ್ಲಿ ಬೀಳುತ್ತವೆ? ಸಾಹುಕಾರರ ಬಡಾವಣೆಯಲ್ಲಲ್ಲ; ಕೂಲಿಕಾರರ ಕೇರಿಯ ಕಾಲುವೆಯಲ್ಲಿ, ಊರಾಚೆಯ ಕೆರೆಯಂಗಳದಲ್ಲಿ. ಮಳೆ ಬಂದರೆ ನೀರು ನುಗ್ಗುವುದು ನಮ್ಮ ಮನೆಗೆ, ನಮ್ಮ ಅಂಗಡಿಗೆ. ಆದುದರಿಂದ ಈ ಅವಶೇಷವನ್ನು ಪುಡಿಮಾಡಿ ಜಲ್ಲಿ, ಮರಳು ಮಾಡುವ ಕಾರ್ಖಾನೆಗೆ ನಗರಸಭೆಗಳು ಅನುಮತಿ ಕೊಡುವುದು ಸರಿಯೇ. ದೆಹಲಿಯ ಬುರಾಡಿಯಲ್ಲಿ 2009ರಲ್ಲೇ ಇಂಥ ಕಾರ್ಖಾನೆ ಆರಂಭವಾಯಿತು.

ಆದರೆ ಠರಾವು ಪಾಸಾದೊಡನೆ ಕೆಲಸ ಮುಗಿಯಿತೇ? ಸರ್ಕಾರಿ, ನಗರಸಭಾ ಕಾಮಗಾರಿಗಳಲ್ಲಿ ಶೇಕಡಾ 10ರಿಂದ 20ರಷ್ಟು ಇಂಥ ಸಾಮಗ್ರಿಯನ್ನೇ ಬಳಸಬೇಕೆಂದು 2016ರ ಕೇಂದ್ರ ನಿಯಮಗಳು ಹೇಳಿದವು. ಉಕ್ಕು ಹಾಕದ ಕಾಂಕ್ರೀಟಿನಲ್ಲಿ ಶೇಕಡಾ 25ರವರೆಗೆ ಮರುಬಳಕೆಯ ಜಲ್ಲಿಯನ್ನು ಅದೇ ವರ್ಷ ಭಾರತೀಯ ಮಾನಕವೂ ಒಪ್ಪಿತು. ಹೀಗಿದ್ದೂ ಟೆಂಡರಿನಲ್ಲಿ ಕ್ವಾರಿಯ ಜಲ್ಲಿಯನ್ನೇ ಕೇಳಿದರೆ, ಕಾರ್ಖಾನೆಯ ಮಾಲು ಗುಡ್ಡೆಬಿದ್ದು ಬಾಗಿಲು ಮುಚ್ಚುತ್ತದೆ. ಅವಶೇಷ ಮತ್ತೆ ಕಾಲುವೆಗೇ ಬರುತ್ತದೆ.

ಎರಡನೆಯದು ಧೂಳು. ಕಾಂಕ್ರೀಟು ಪುಡಿಯಾಗುವಾಗ ಏಳುವ ಸಿಲಿಕಾ ಧೂಳು ಎದೆ ಸೇರಿದರೆ ಬರುವ ಸಿಲಿಕೋಸಿಸ್ ರೋಗ ವಾಸಿಯಾಗುವುದಲ್ಲ. ಹತ್ತಿಯ ಧೂಳು ಕುಡಿದ ಗಿರಣಿ ಕಾರ್ಮಿಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಸಿಂಪಡಣೆ, ಮುಚ್ಚಿದ ಯಂತ್ರ, ಕೆಲಸಗಾರರ ಎದೆಯ ಪರೀಕ್ಷೆ ಇವೆಲ್ಲ ಅನುಮತಿಪತ್ರದ ಷರತ್ತುಗಳಾಗಲಿ.

ಮೂರನೆಯದು ಖರ್ಚು. ಬಹುಮಹಡಿ ಕಟ್ಟುವವನೂ ಚಾವಣಿ ರಿಪೇರಿ ಮಾಡಿಸುವ ಕಿರಾಣಿ ಅಂಗಡಿಯವನೂ ಒಂದೇ ದರ ತೆರುವುದು ನ್ಯಾಯವಲ್ಲ. ಹೆಚ್ಚು ಕೆಡವಿದವನು ಹೆಚ್ಚು ಕೊಡಲಿ. ಚಿಲ್ಲರೆ ಅವಶೇಷ ಹಾಕಲು ವಾರ್ಡಿಗೊಂದು ಜಾಗವಿರಲಿ.

ಬಂಧುಗಳೇ, ಕೊಳ್ಳುವವರಾರು, ಧೂಳು ಕುಡಿಯುವವರಾರು, ಹಣ ತೆರುವವರಾರು? ಕೈಯೆತ್ತುವ ಮೊದಲೇ ನಿಮ್ಮ ವಾರ್ಡಿನ ಸದಸ್ಯರಿಂದ ಉತ್ತರ ಪಡೆಯಿರಿ.