ಡಿಲೀಟ್ ಆದದ್ದು ಹೆಸರು, ಉಳಿದದ್ದು ಫೈಲ್

ಪೆನ್‌ಡ್ರೈವ್‌ನಲ್ಲಿರುವ ಫೋಟೊವೊಂದನ್ನು ಡಿಲೀಟ್ ಮಾಡಿದಾಗ ಒಳಗೆ ನಡೆಯುವ ಕೆಲಸ ತೀರಾ ಚಿಕ್ಕದು. ಫೈಲ್‌ಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಆ ಹೆಸರಿನ ಮೊದಲ ಅಕ್ಷರವಿದ್ದ ಕಡೆ ಒಂದು ಗುರುತು ಬೀಳುತ್ತದೆ, ಫೋಟೊ ಇದ್ದ ಜಾಗ ಖಾಲಿ ಎಂದು ನಮೂದಾಗುತ್ತದೆ. ಅಷ್ಟೇ. ಆ ಜಾಗದಲ್ಲಿ ಬೇರೆ ಫೈಲ್ ಬರೆಯುವ ತನಕ ಫೋಟೊ ಅಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹೊಸ ಪಟ್ಟಿ ಬರುತ್ತದೆಯೇ ಹೊರತು ಹಳೆಯ ಮಾಹಿತಿ ಹೋಗುವುದಿಲ್ಲ. ಉಚಿತವಾಗಿ ಸಿಗುವ ಫೋಟೊರೆಕ್‌ನಂತಹ ತಂತ್ರಾಂಶಕ್ಕೆ ಆ ಪಟ್ಟಿಯೇ ಬೇಕಿಲ್ಲ. ಚಿತ್ರದ ಫೈಲ್ ಆರಂಭವಾಗುವ ಬೈಟ್‌ಗಳನ್ನು ಹುಡುಕಿ ಅದು ಚಿತ್ರವನ್ನು ಹೊರತೆಗೆಯುತ್ತದೆ.

ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ 158 ಹಳೆಯ ಹಾರ್ಡ್‌ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ.

ಇದನ್ನು ಬಳಕೆದಾರರ ಅಜಾಗರೂಕತೆ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟ್ಯಾನ್ಲಿಯ ಪ್ರಕರಣ ನೋಡಿ. ಹಳೆಯ ಸರ್ವರ್, ಹಾರ್ಡ್‌ಡಿಸ್ಕ್‌ಗಳ ವಿಲೇವಾರಿಯನ್ನು ಆ ಸಂಸ್ಥೆ ವಹಿಸಿದ್ದು ಸಾಮಾನು ಸಾಗಿಸುವ ಕಂಪನಿಗೆ. ಮಾಹಿತಿ ಅಳಿಸುವ ಅನುಭವವೇ ಅದಕ್ಕಿರಲಿಲ್ಲ. ಗ್ರಾಹಕರ ಮಾಹಿತಿಯಿದ್ದ ಡಿಸ್ಕ್‌ಗಳು ಕೊನೆಗೆ ಆನ್‌ಲೈನ್ ಹರಾಜಿಗೆ ಬಂದವು. ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿ ಕಾಪಾಡಲಿಲ್ಲವೆಂದು ಅಮೆರಿಕದ ಷೇರು ನಿಯಂತ್ರಣ ಆಯೋಗ 2022ರಲ್ಲಿ 3.5 ಕೋಟಿ ಡಾಲರ್ ದಂಡ ಹಾಕಿತು. ಕೆಲವು ಸಾಧನಗಳಲ್ಲಿ ಎನ್‌ಕ್ರಿಪ್ಷನ್ (ಕೀಲಿಯಿಲ್ಲದೆ ಮಾಹಿತಿ ಓದಲಾಗದಂತೆ ಮಾಡುವ) ಸೌಲಭ್ಯವಿದ್ದೂ ವರ್ಷಗಟ್ಟಲೆ ಅದನ್ನು ಚಾಲೂ ಮಾಡಿರಲಿಲ್ಲ ಎಂಬುದೂ ಹೊರಬಿತ್ತು. ಹಣ, ತಜ್ಞರು ಎಲ್ಲ ಇದ್ದ ಸಂಸ್ಥೆಯ ಪಾಡೇ ಹೀಗಿರುವಾಗ, ಮನೆಯ ಲ್ಯಾಪ್‌ಟಾಪ್ ಮಾರುವವರನ್ನು ದೂರಿ ಏನು ಪ್ರಯೋಜನ?

ಪರಿಹಾರ ಇರುವುದು ಎನ್‌ಕ್ರಿಪ್ಷನ್‌ನಲ್ಲೇ. ಈಗಿನ ಐಫೋನ್, ಆಂಡ್ರಾಯ್ಡ್ ಫೋನ್‌ಗಳಲ್ಲಿ ಮಾಹಿತಿ ಮೊದಲ ದಿನದಿಂದಲೇ ಎನ್‌ಕ್ರಿಪ್ಟ್ ಆಗಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಈ ರಕ್ಷಣೆ ಇಲ್ಲ. ಹಾರ್ಡ್‌ಡಿಸ್ಕ್‌ಗಾದರೆ ಇಡೀ ಡಿಸ್ಕ್ ಮೇಲೆ ಒಮ್ಮೆ ಸೊನ್ನೆ ಬರೆದರೂ ಸಾಕು. ಎಸ್‌ಎಸ್‌ಡಿಯಲ್ಲಿ ಅದನ್ನು ನಂಬುವಂತಿಲ್ಲ. ಕಂಪ್ಯೂಟರ್‌ಗೆ ಕಾಣದ ಹೆಚ್ಚುವರಿ ಕೋಶಗಳಲ್ಲಿ ಹಳೆಯ ಪ್ರತಿ ಉಳಿಯಬಹುದು. ಅದಕ್ಕೆ ತಯಾರಕರೇ ಕೊಟ್ಟಿರುವ ಅಳಿಸುವ ಆದೇಶವನ್ನೇ ಬಳಸಬೇಕು.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದವರಿಗೆ ₹250 ಕೋಟಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಕಾಯ್ದೆಯ ಈ ಬಿಗಿ ಹಳೆಯ ಕಂಪ್ಯೂಟರ್‌ಗಳ ಹರಾಜಿನ ಟೆಂಡರ್‌ಗಳಲ್ಲೂ ಕಾಣಬೇಕು. ಆಸ್ಪತ್ರೆ, ಕಾಲೇಜು, ಬ್ಯಾಂಕ್, ಸರ್ಕಾರಿ ಕಚೇರಿಗಳು ಹಳೆಯ ಕಂಪ್ಯೂಟರ್ ಮಾರುವ ಮೊದಲು, ಪ್ರತಿ ಡಿಸ್ಕ್‌ನ ಸೀರಿಯಲ್ ಸಂಖ್ಯೆ ನಮೂದಿಸಿ ಅದನ್ನು ಅಳಿಸಿದ ಬಗ್ಗೆ ಹೊಣೆಗಾರ ಅಧಿಕಾರಿಯ ಸಹಿಯಿರುವ ಪ್ರಮಾಣಪತ್ರ ಪಡೆಯಬೇಕು. ಗುಜರಿ ಅಂಗಡಿಯವರ ಪ್ರಾಮಾಣಿಕತೆಯೊಂದನ್ನೇ ನಂಬಿ ರೋಗಿಯ ವರದಿಯನ್ನೋ ವಿದ್ಯಾರ್ಥಿಯ ದಾಖಲೆಯನ್ನೋ ಹೊರಗೆ ಬಿಡುವ ಹಕ್ಕು ಯಾವ ಸಂಸ್ಥೆಗೂ ಇಲ್ಲ.