ಲೆಕ್ಕದ ಮೋಜು: ಹತ್ತರ ಚೌಕ ಮತ್ತು ಕಲ್ಕತ್ತೆಯ ಬೋಸ್

ಪೂಜೆಯ ರಜೆಯಲ್ಲಿ ಇಸ್ಪೀಟು ಆಡಲು ಕೂತಾಗ ಒಂದು ಕೆಲಸ ಮಾಡಿ ನೋಡಿ. ಕಟ್ಟಿನಿಂದ ನಾಲ್ಕು ಎಕ್ಕ, ನಾಲ್ಕು ರಾಜ, ನಾಲ್ಕು ರಾಣಿ, ನಾಲ್ಕು ಗುಲಾಮ, ಹೀಗೆ 16 ಎಲೆಗಳನ್ನು ತೆಗೆದುಕೊಳ್ಳಿ. ಅವನ್ನು ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲುಗಳಲ್ಲಿ ಜೋಡಿಸಿ. ಯಾವ ಸಾಲಿನಲ್ಲೂ ಎರಡು ರಾಜರು ಬರಬಾರದು, ಎರಡು ಆಟೀನೂ ಬರಬಾರದು. ಉಳಿದವಕ್ಕೂ ಇದೇ ನಿಯಮ. ತಾಳ್ಮೆಯಿದ್ದರೆ ಆಗುತ್ತದೆ.

ಇಲ್ಲಿ ಎರಡು ಚೌಕಗಳು ಒಂದರ ಮೇಲೊಂದು ಕುಳಿತಿವೆ: ರಾಜ-ರಾಣಿಯರದು ಒಂದು, ಇಸ್ಪೀಟು-ಆಟೀನುಗಳದು ಇನ್ನೊಂದು. ಇಂಥ ಒಂದೊಂದಕ್ಕೂ ಲ್ಯಾಟಿನ್ ಚೌಕ ಎಂದು ಹೆಸರು. ಎರಡೂ ಸೇರಿದಾಗ ಪ್ರತಿ ಜೋಡಿಯೂ ಒಂದೇ ಸಲ ಬಂದರೆ ಅವು ಪರಸ್ಪರ ಲಂಬ ಚೌಕಗಳು. ಮೂರರ ಚೌಕ ಹೀಗಿರುತ್ತದೆ:

ಅ1  ಇ2  ಉ3
ಇ3  ಉ1  ಅ2
ಉ2  ಅ3  ಇ1

ದೊಡ್ಡ ಚೌಕ ಬೇಕೆ? ಕಂಪ್ಯೂಟರ್ ಕಲಿಯುತ್ತಿರುವ ನಿಮ್ಮ ಮಕ್ಕಳಿಗೆ ಹೇಳಿ, ನಾಲ್ಕೇ ಸಾಲಿನ ಪ್ರೋಗ್ರಾಂ ಸಾಕು. ಅಡ್ಡಸಾಲು, ಉದ್ದಸಾಲುಗಳನ್ನು 0ಯಿಂದ ಎಣಿಸಿ. ಮೊದಲ ಚೌಕದಲ್ಲಿ ಎರಡು ಸಂಖ್ಯೆಗಳನ್ನೂ ಕೂಡಿ 5ರಿಂದ ಭಾಗಿಸಿದ ಶೇಷ ಬರೆಯಿರಿ. ಎರಡನೆಯದರಲ್ಲಿ ಉದ್ದಸಾಲಿನ ಸಂಖ್ಯೆಯನ್ನು ಇಮ್ಮಡಿ ಮಾಡಿ ಕೂಡಿ. ಐದರ ಜೋಡಿ ಸಿದ್ಧ. 7, 9, 11, ಯಾವ ಬೆಸಸಂಖ್ಯೆಗೂ ಇದೇ ಉಪಾಯ ನಡೆಯುತ್ತದೆ. ಆದರೆ 10ಕ್ಕೆ ಹಾಕಿದಿರೋ, ಕೆಟ್ಟಿತು! 0ಯನ್ನು ಇಮ್ಮಡಿಸಿದರೂ 5ನ್ನು ಇಮ್ಮಡಿಸಿದರೂ ಶೇಷ ಒಂದೇ. ಒಂದೇ ಸಾಲಿನಲ್ಲಿ ಒಂದೇ ಅಂಕಿ ಎರಡು ಸಲ ಬರುತ್ತದೆ.

ಮಹಾಗಣಿತಜ್ಞ ಆಯ್ಲರ್ ಕೂಡ ಇಲ್ಲೇ ತಡವರಿಸಿದ. 1782ರಲ್ಲಿ ಪ್ರಕಟವಾದ ಲೇಖನದಲ್ಲಿ ಆತ 6, 10, 14, 18 ಮುಂತಾದ ಸಂಖ್ಯೆಗಳಿಗೆ ಇಂಥ ಜೋಡಿಯೇ ಇಲ್ಲವೆಂದು ಊಹಿಸಿದ. 1900ರ ಸುಮಾರಿಗೆ ಫ್ರಾನ್ಸಿನ ತಾರಿ 6ಕ್ಕೆ ಇಲ್ಲವೆಂದು ಕೈಲೆಕ್ಕದಿಂದಲೇ ಸಾಧಿಸಿದ. ಆಯ್ಲರನ ಮಾತು ಇನ್ನಷ್ಟು ಗಟ್ಟಿಯಾಯಿತು.

ಮುಂದಿನ ಕಥೆಗೆ ನಮ್ಮ ಊರಿನ ನಂಟು. 1931ರಲ್ಲಿ ಮಹಲನೋಬಿಸ್ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಆಗ ಪ್ರೆಸಿಡೆನ್ಸಿ ಕಾಲೇಜಿನಲ್ಲಿತ್ತು. ಹೊಲದಲ್ಲಿ ಬೇರೆ ಬೇರೆ ತಳಿ, ಗೊಬ್ಬರಗಳನ್ನು ಹೋಲಿಸುವಾಗ ಮಣ್ಣಿನ ಏರುಪೇರು ಫಲಿತಾಂಶ ಕೆಡಿಸದಂತೆ ಈ ಚೌಕಗಳು ಕಾಯುತ್ತವೆ. ಅಲ್ಲಿದ್ದ ರಾಜಚಂದ್ರ ಬೋಸ್ 1938ರಲ್ಲಿ ಸಂಸ್ಥೆಯ ಪತ್ರಿಕೆ ‘ಸಂಖ್ಯಾ’ದಲ್ಲಿ, ಅವಿಭಾಜ್ಯ ಸಂಖ್ಯೆಗಳಿಗೂ ಅವುಗಳ ಘಾತಗಳಿಗೂ ಒಂದು ಕಡಿಮೆ ಅಷ್ಟು ಚೌಕಗಳನ್ನು ಕಟ್ಟುವ ದಾರಿ ತೋರಿಸಿದರು. 5ಕ್ಕೆ ನಾಲ್ಕು, 8ಕ್ಕೆ ಏಳು! ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1941ರಲ್ಲಿ ಅದೇ ಸಂಸ್ಥೆಗೆ ಬಂದು, ಇದೇ ವಿಚಾರವನ್ನು ಚೌಕದಾಚೆಗೂ ಬೆಳೆಸಿದರು.

ಅಮೆರಿಕಕ್ಕೆ ಹೋದ ಬೋಸರು 1959ರಲ್ಲಿ ಶಿಷ್ಯ ಶ್ರೀಖಂಡೆಯವರೊಡನೆ 22ರ ಜೋಡಿಯನ್ನೇ ಕಟ್ಟಿಬಿಟ್ಟರು. ಹೇಗೆ? 15 ಹುಡುಗಿಯರು ದಿನವೂ ಮೂವರ ಗುಂಪುಗಳಲ್ಲಿ ನಡೆಯಬೇಕು, ಏಳು ದಿನಗಳಲ್ಲಿ ಪ್ರತಿ ಇಬ್ಬರೂ ಒಮ್ಮೆ ಮಾತ್ರ ಜೊತೆಯಾಗಬೇಕು ಎಂಬ ಹಳೆಯ ಒಗಟೊಂದಿದೆ. ಆಯಾ ದಿನದ ಗುಂಪುಗಳಿಗೆ ಆ ದಿನವನ್ನೂ ಒಬ್ಬ ಸದಸ್ಯನಾಗಿ ಸೇರಿಸಿ. ಏಳು ದಿನಗಳದೇ ಇನ್ನೊಂದು ಗುಂಪು ಮಾಡಿ. 15ಕ್ಕೆ 7 ಕೂಡಿ 22. ಗುಂಪುಗಳೆಲ್ಲ ನಾಲ್ಕರವು, ಒಂದು ಮಾತ್ರ ಏಳರದು. 4 ಮತ್ತು 7ರ ಚೌಕಗಳು ಮೊದಲೇ ಗೊತ್ತು. ಅವನ್ನು ಹೊಂದಿಸಿ ಕೂರಿಸಿದರೆ 22 ಬಂತು. ಅದೇ ವರ್ಷ ಪಾರ್ಕರ್ 10ರ ಜೋಡಿ ಕಟ್ಟಿದರು. 2 ಮತ್ತು 6 ಬಿಟ್ಟು ಎಲ್ಲಕ್ಕೂ ಜೋಡಿ ಉಂಟೆಂದು ಮೂವರೂ ಸೇರಿ 1960ರಲ್ಲಿ ಪ್ರಕಟಿಸಿದರು.

ಇಷ್ಟರಲ್ಲಿ ಕಂಪ್ಯೂಟರ್ ಏನು ಮಾಡುತ್ತಿತ್ತು? 1950ರ ದಶಕದಲ್ಲಿ ಲಾಸ್ ಏಂಜಲೀಸ್‌ನ ‘ಸ್ವಾಕ್’ ಯಂತ್ರ 10ರ ಜೋಡಿಯನ್ನು ಹುಡುಕಿ ಬರಿಗೈಯಲ್ಲಿ ನಿಂತಿತ್ತು. ಆಶ್ಚರ್ಯವಿಲ್ಲ. 10ರ ಲ್ಯಾಟಿನ್ ಚೌಕಗಳ ಲೆಕ್ಕ 37 ಅಂಕಿಗಳ ಸಂಖ್ಯೆ! ಯಂತ್ರ ಎಷ್ಟೇ ವೇಗವಾಗಿರಲಿ, ಎಲ್ಲಿ ಹುಡುಕಬೇಕೆಂದು ಹೇಳುವ ಬುದ್ಧಿ ನಮ್ಮದೇ ಆಗಿರಬೇಕು. ಇವತ್ತಿಗೂ 10ಕ್ಕೆ ಪರಸ್ಪರ ಲಂಬವಾದ ಮೂರು ಚೌಕಗಳು ಯಾರಿಗೂ ಸಿಕ್ಕಿಲ್ಲ, ಇಲ್ಲವೆಂದೂ ಯಾರೂ ಸಾಧಿಸಿಲ್ಲ. ನಮ್ಮ ಮಕ್ಕಳಿಗಾಗಿ ಬಾಗಿಲು ತೆರೆದೇ ಇದೆ.

ಈ ಸಲದ ಪ್ರಶ್ನೆ: 6ರ ಚೌಕದಲ್ಲಿ ಎರಡನೆಯ ಸಲ ಉದ್ದಸಾಲಿನ ಸಂಖ್ಯೆಯನ್ನು ಇಮ್ಮಡಿಸುವ ಬದಲು ಐದು ಪಟ್ಟು ಮಾಡಿ ಕೂಡಿ, 6ರಿಂದ ಭಾಗಿಸಿ. ಎರಡೂ ಲ್ಯಾಟಿನ್ ಚೌಕಗಳೇ. 36 ಜೋಡಿಗಳಲ್ಲಿ ಎಷ್ಟು ಬರುತ್ತವೆ, ಎಷ್ಟು ತಪ್ಪಿಸಿಕೊಳ್ಳುತ್ತವೆ? ಉತ್ತರ ಮುಂದಿನ ಸಂಚಿಕೆಯಲ್ಲಿ.